ಮೂಲೆ ಹರಿದ ಕಾರ್ಡು

ಬೀದರ
೨೦ ಜೂನ್ ೧೯೫೬

ಅಕ್ಕನಿಗೆ ಹಣಮಂತನ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ಭಾಲ್ಕಿಯಲ್ಲಿ ನೀನು, ಬಕ್ಕಪ್ಪ ಭಾವ, ನಿನ್ನ ಅತ್ತೆ, ಮಗು ಎಲ್ಲರೂ ಕ್ಷೇಮವೆಂದು ನಂಬುತ್ತೇನೆ.

ಹೋದ ಕಾರ್ಡಿನಲ್ಲಿ ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದೀಯ. "ವಾರ ತಪ್ಪದೆ ಕಾರ್ಡು ಬರುತ್ತದೆ, ಬರೆದವನು ಮಾತ್ರ ಬರುವುದಿಲ್ಲ" ಎಂದರೆ ಏನರ್ಥ? ನೌಕರಿ ಸಿಕ್ಕ ಮೇಲೆ ಒಡಹುಟ್ಟಿದವರ ಹೆಸರನ್ನೇ ಮರೆತವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನಾನು ಒಂದು ವಾರವೂ ನಿನ್ನನ್ನು ಬಿಟ್ಟಿಲ್ಲ. ಕುರಿ ಕಾಯುವ ನಮ್ಮ ಮನೆತನದಲ್ಲಿ ಅಕ್ಷರ ಬಲ್ಲವರು ನಾವಿಬ್ಬರೇ. ಸಾಲೆಯಲ್ಲಿ ಕಲಿತದ್ದನ್ನು ಹಳ್ಳದ ಉಸುಕಿನ ಮೇಲೆ ನಿನ್ನಿಂದ ತಿದ್ದಿಸಿದೆನಲ್ಲ, ಅದೇ ಅಕ್ಷರದಿಂದ ಈಗ ನನ್ನ ಕಿವಿ ಹಿಂಡುತ್ತೀಯ.

ಕಚೇರಿಯಲ್ಲಿ ಉಸಿರಾಡಲು ಪುರಸತ್ತಿಲ್ಲ. ಹೈದರಾಬಾದ್ ರಾಜ್ಯ ಒಡೆದು ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಸೇರುತ್ತವೆ ಎಂಬುದು ಗಟ್ಟಿಯಾಗಿದೆ. ಉರ್ದು ಕಾಗದಗಳೆಲ್ಲ ಕನ್ನಡಕ್ಕೆ ಬರಬೇಕು. ಕನ್ನಡ ಬಲ್ಲ ಗುಮಾಸ್ತನೆಂದು ದೊಡ್ಡ ಸಾಹೇಬರು ಆ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಉರ್ದು ಶಬ್ದ ಹೇಳುವವರು ನಮ್ಮ ಹಿರಿಯ ಗುಮಾಸ್ತ ಶರಫೋದ್ದೀನ ಸಾಹೇಬರು. ಅದಕ್ಕೆ ಕನ್ನಡ ಹುಡುಕುವವನು ನಾನು. ನಿನ್ನೆ 'ರಾಬ್ತಾ', 'ರಿಶ್ತಾ' ಎಂಬ ಎರಡು ಶಬ್ದ ಬಂದವು. ಸಂಪರ್ಕವೆಂದರೂ ಸಂಬಂಧವೆಂದರೂ ಒಂದೇ ತಾನೆ, ಒಂದನ್ನೇ ಬರೆದರಾಯಿತು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಹೀ ಬೇಟಾ. ರಾಬ್ತಾ ಅಂದ್ರ ಖಬರ್ ಹೋಗೂದು ಬರೂದು. ರಿಶ್ತಾ ಅಂದ್ರ ಮನಷ್ಯಾ ಹೋಗೂದು ಬರೂದು" ಎಂದರು. ನಾನು ನಕ್ಕು, ಎರಡನ್ನೂ ಬೇರೆ ಮಾಡಿ ಅವರು ಬರೆಸಿದ ಸಾಲನ್ನು ಹೊಡೆದುಹಾಕಿದೆ. ಇಷ್ಟು ಸೂಕ್ಷ್ಮ ನೋಡುತ್ತ ಕುಳಿತರೆ ಮೈಸೂರು ಬರುವ ತನಕ ನಾವು ಮೊದಲ ಅಕ್ಷರ ಅಲಿಫನ್ನೇ ದಾಟುವುದಿಲ್ಲ.

ಪಂಚಮಿಗೆ ಬರಲಾಗುವುದಿಲ್ಲ ಅಕ್ಕಾ. ದೀಪಾವಳಿಯ ಭಾವುಬೀಜಕ್ಕೆ, ನಿನ್ನಿಂದ ಆರತಿ ಎತ್ತಿಸಿಕೊಳ್ಳಲು, ಖಂಡಿತ ಬರುತ್ತೇನೆ.

ನಿನ್ನ ತಮ್ಮ,
ಹಣಮಂತಪ್ಪ


ಭಾಲ್ಕಿ
೧೪ ಆಗಸ್ಟ್ ೧೯೫೬

ತಮ್ಮ ಹಣಮಂತನಿಗೆ ಗಂಗುವಿನ ಆಶೀರ್ವಾದ.

ಪಂಚಮಿ ಮುಗಿಯಿತು. ಓಣಿಯ ಸೊಸೆಯಂದಿರನ್ನೆಲ್ಲ ಅಣ್ಣತಮ್ಮಂದಿರು ಬಂದು ತವರಿಗೆ ಕರೆದುಕೊಂಡು ಹೋದರು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಖಾಲಿ ಉಳಿಯಿತು. ನಾನೊಬ್ಬಳೇ ಎಷ್ಟು ಜೀಕಲಿ?

ನಿನ್ನ ಕಾರ್ಡು ಹಬ್ಬದ ದಿನವೇ ಬಂತು. ಅತ್ತೆ ಅದನ್ನು ನೋಡಿ, "ಏನವಾ ಗಂಗು, ನಿನ್ನ ತಮ್ಮ ಡಾಕಖಾನ್ಯಾಗ ಹುಟ್ಯಾನೇನ?" ಎಂದರು. ಮನೆಯವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗುತ್ತಿತ್ತು.

ನಿನಗೆ ತಿಳಿಯದ ಒಂದು ಮಾತು ಹೇಳುತ್ತೇನೆ. ಭಾವುಬೀಜದ ಸಂಜೆ ಒಡಹುಟ್ಟಿದವರಿಲ್ಲದ ಹೆಣ್ಣುಮಕ್ಕಳು ಬಿದಿಗೆ ಚಂದ್ರನನ್ನೇ ಅಣ್ಣತಮ್ಮ ಎಂದುಕೊಂಡು ಆರತಿ ಎತ್ತುತ್ತಾರೆ. ನಾನು ಮೂರು ವರ್ಷದಿಂದ ಚಂದ್ರನಿಗೇ ಎತ್ತುತ್ತಿದ್ದೇನೆ. ಹೋದ ವರ್ಷ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಗೋಡೆಯಾಚೆಯಿಂದ ನೋಡಿ ನನ್ನ ಹತ್ತಿರ ಬಂದಳು. ಮರುಗಿದ ದನಿಯಲ್ಲಿ, "ನಿಮ್ಮ ತಮ್ಮ ಯಾವಾಗ ತೀರಿಕೊಂಡ್ರೀ ಅಕ್ಕಾರ?" ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ತಟ್ಟೆ ಬಿತ್ತು. ಬಿಡ್ತು ಅನ್ನು ಎಂದು ಅವಳ ಬಾಯಿ ಮುಚ್ಚಿದೆ. ಆದರೆ ಅವಳದೇನು ತಪ್ಪು? ಕಂಡದ್ದನ್ನು ಕೇಳಿದಳು.

ಚಳಿಜ್ವರ ಬಂದು ವಾರವಾಯಿತು. ಈಗ ಇಳಿದಿದೆ. ತವರೂರಿಗೂ ತಿಳಿಸಿದ್ದೇನೆ. ಔರಾದ ಕಡೆಯಿಂದ ಯಾರಾದರೂ ಬಂದು ನೋಡಿಯಾರು ಎಂದುಕೊಂಡಿದ್ದೆ. ಧೊಂಡಿಬಾ ಕಾಕಾ ಕುರಿ ಬಿಟ್ಟು ಬರುವಂತಿಲ್ಲವಂತೆ. ಅವ್ವನಿಗೆ ಮೊಣಕಾಲು ನೋವಂತೆ.

ಬೀದರದಿಂದ ಭಾಲ್ಕಿ ಏನು ಕಾಶಿಯೇ? ರೈಲು ಹತ್ತಿ ಎರಡು ಬೀಡಿ ಸೇದುವಷ್ಟರಲ್ಲಿ ಬರುತ್ತದೆ ಎಂದು ಮನೆಯವರು ಹೇಳುತ್ತಾರೆ. ಭಾವುಬೀಜಕ್ಕೆ ಬಾ.

ಅಕ್ಕ,
ಗಂಗುಬಾಯಿ


ಬೀದರ
೧೦ ಅಕ್ಟೋಬರ್ ೧೯೫೬

ಅಕ್ಕನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುತ್ತದೆ. ನವೆಂಬರ್ ಒಂದಕ್ಕೆ ನಾವು ಮೈಸೂರಿನವರಾಗುತ್ತೇವೆ. ಸಭೆ, ಧ್ವಜ, ಭಾಷಣ. ಆಮೇಲೆ ಹೊಸ ರಾಜ್ಯದ ಅಧಿಕಾರಿಗಳು ಬರುತ್ತಾರೆ. ದೀಪಾವಳಿಯೂ ಅದೇ ವಾರ ಬಿದ್ದಿದೆ. ಯಾರಿಗೂ ರಜೆ ಇಲ್ಲ, ಭಾನುವಾರವೂ ಕಚೇರಿ ತೆರೆದಿರುತ್ತದೆ ಎಂದು ಸಾಹೇಬರು ಹುಕುಂ ಹೊರಡಿಸಿದ್ದಾರೆ.

ಅದಕ್ಕೆ ಮುಖ ಊದಿಸಿಕೊಳ್ಳಬೇಡ. ನಮ್ಮ ಸಂಪರ್ಕ ಇದ್ದೇ ಇದೆಯಲ್ಲ. ಪಕ್ಕದ ಮನೆಯ ಆ ಸೊಸೆಗೆ ಈ ಕಾರ್ಡು ತೋರಿಸು. ಸತ್ತವರು ಕಾರ್ಡು ಬರೆಯುವುದಿಲ್ಲ ಎಂದು ಹೇಳು.

ನಿನ್ನ ತಮ್ಮ,
ಹಣಮಂತಪ್ಪ


ಬೀದರ
೨೩ ಅಕ್ಟೋಬರ್ ೧೯೫೬

ಅಕ್ಕಾ,

ನಿನ್ನೆ ರಾತ್ರಿಯ ರೈಲಿಗೆ ಬೀದರಕ್ಕೆ ಮರಳಿದೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಇದು ತಲೆಯಿಂದ ಇಳಿಯುವುದಿಲ್ಲ.

ನಿನ್ನೆ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಹತ್ತಿರ ಔರಾದ ಬಸ್ಸಿನ ಕಂಡಕ್ಟರ್ ಹಬೀಬ ನಿಂತಿದ್ದ. ಟೊಪ್ಪಿಗೆ ಕೈಯಲ್ಲಿತ್ತು. "ಹಣಮಂತಪ್ಪನೋರ, ದಿಲ್ ಗಟ್ಟಿ ಮಾಡ್ಕೋರಿ. ಭಾಲ್ಕಿ ಅಕ್ಕನವರು ಹೋದ್ರಂತ. ಊರಿಗಿ ಮೂಲಿ ಹರಿದ ಕಾರ್ಡ್ ಬಂದದ" ಎಂದ.

ನಾನು "ಎಲ್ಲಿಗೆ ಹೋದಳು?" ಎಂದು ಕೇಳಿದೆ. ಅಷ್ಟು ದಡ್ಡನಾಗಿದ್ದೆ.

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ನಿನ್ನ ಮುಖ ನೆನಪು ಮಾಡಿಕೊಳ್ಳಲು ಹೋದೆ. ಬರಲಿಲ್ಲ. ಕಣ್ಣು ಮುಚ್ಚಿದರೆ ನಿನ್ನ ಅಕ್ಷರ ಕಂಡಿತು. ನೀನು 'ಹ' ಬರೆಯುವಾಗ ಬಾಲ ಉದ್ದ ಎಳೆಯುತ್ತೀಯಲ್ಲ, ಅದು ಕಂಡಿತು. ಮೂಗು ಕಾಣಲಿಲ್ಲ, ಕಣ್ಣು ಕಾಣಲಿಲ್ಲ. ನನಗೆ ಗಾಬರಿಯಾಯಿತು. ಅಕ್ಕ ಸತ್ತಿದ್ದಾಳೆ, ಅವಳು ಹೇಗಿದ್ದಳೆಂಬುದೇ ನನಗೆ ಗೊತ್ತಿಲ್ಲ ಎಂದು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ.

ಮಣ್ಣು ಕೊಡುವುದಕ್ಕಂತೂ ಸಿಗಲಿಲ್ಲ. ಮೂರನೆಯ ದಿನ ಗೋರಿಗೆ ಹಾಲು ಹಾಕುವಾಗಲಾದರೂ ತವರಿನ ಹಸಿರು ಸೀರೆ ಹೊದಿಸಬೇಕಲ್ಲ. ಅಂಗಡಿಯವನು, "ಯಾರಿಗ್ರಿ? ಎತ್ತರ ಅದಾರೇನು? ಬಣ್ಣ ಹ್ಯಾಂಗದ?" ಎಂದು ವ್ಯಾಪಾರದ ಮಾತು ಕೇಳಿದ. ಇದ್ದುದರಲ್ಲಿ ಒಳ್ಳೆಯದನ್ನು ಕೊಡು ಎಂದೆ.

ಊರಲ್ಲಿ ನಡೆದದ್ದನ್ನು ಅವ್ವ ಹೇಳಿದಳಲ್ಲ. ಅಂಚೆಯ ಮಕ್ಸೂದನಿಗೆ ಉರ್ದು, ಮರಾಠಿ ಬರುತ್ತದೆ, ಕನ್ನಡ ಬರುವುದಿಲ್ಲ. ಅವ್ವನಿಗೆ ಯಾವುದೂ ಬರುವುದಿಲ್ಲ. ಕಾಕಾ ಕುರಿ ಹಿಂದೆ ಹೋಗಿದ್ದ. ಮಕ್ಸೂದ ಭಾಲ್ಕಿಯ ಮುದ್ರೆ ನೋಡಿದ, ಮೂಲೆ ನೋಡಿದ, ಮಾತಾಡದೆ ಕಾರ್ಡನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು ಹೋದ. ಸಾವಿನ ಕಾರ್ಡಿಗೆ ಓದುವವರು ಯಾಕೆ ಬೇಕು? ಹರಿದ ಮೂಲೆಯೇ ಸುದ್ದಿ. ಅವ್ವ ಅದನ್ನು ಹೊಸಿಲು ದಾಟಿಸದೆ ಅಂಗಳದಲ್ಲೇ ಸುಟ್ಟಳು. ಅಳಿಯ ಹೋಗಿದ್ದರೆ ಗಂಗು ಮನುಷ್ಯನನ್ನು ಕಳಿಸುತ್ತಿದ್ದಳು, ಕಾರ್ಡು ಬಂದಿದೆ ಎಂದರೆ ಕಳಿಸಲು ಗಂಗುವೇ ಇಲ್ಲ ಎಂದು ಲೆಕ್ಕ ಹಾಕಿ ಎದೆ ಬಡಿದುಕೊಂಡಳು. ಜ್ವರದ ಸುದ್ದಿ ಮೊದಲೇ ಇತ್ತು.

ನಾನು ನಿಮ್ಮ ಓಣಿಗೆ ತಿರುಗಿದಾಗ ಎದುರಿಗೆ ಒಬ್ಬ ಹೆಂಗಸು ಕೊಡ ಹೊತ್ತು ಬರುತ್ತಿದ್ದಳು. ತಲೆ ಅರ್ಧ ನೆರೆತಿತ್ತು. "ಗಂಗುಬಾಯಿ ಮನಿ ಯಾವುದ್ರಿ?" ಎಂದು ಕೇಳಿದೆ.

ನೀನು ಕೊಡ ಇಳಿಸಿ ನನ್ನನ್ನೇ ನೋಡಿದೆ. "ಹಣಮಂತಾ, ನಾನೋ" ಎಂದೆ.

ಅಕ್ಕಾ, ನಾನು ನಿನ್ನ ಮನೆಯನ್ನು ನಿನ್ನನ್ನೇ ಕೇಳಿದೆ.

ಹಣಮಂತ


ಭಾಲ್ಕಿ
೨೬ ಅಕ್ಟೋಬರ್ ೧೯೫೬

ತಮ್ಮನಿಗೆ ಆಶೀರ್ವಾದ.

ನೀನು ಬರುವ ಮೊದಲು ನಡೆದದ್ದನ್ನು ನೀನು ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದಾಯಿತು.

ಅವ್ವ ಮತ್ತು ಕಾಕಾ ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬಂದಿದ್ದರು. ಹಿಂದೆ ಭಾವಕಿಯ ದಾಯಾದಿ ಗಂಡಸರು ಕೋಲು ಹಿಡಿದು ನಡೆದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಓಣಿಯ ತುದಿಯಿಂದ ಅವ್ವನ ಕೂಗು ಕೇಳಿಸಿತು. "ನನ್ನ ಗಂಗೂ, ನನ್ನ ಬಿಟ್ಟು ಹ್ಯಾಂಗ ಹೋದೆವ್ವಾ" ಎಂದು ನನ್ನ ಹೆಸರು ಹಿಡಿದು ಹಾಡಿಕೊಂಡು ಅಳುತ್ತಿದ್ದಳು. ತನ್ನ ಸಾವಿನ ಅಳುವನ್ನು ತನ್ನ ಕಿವಿಯಿಂದ ಕೇಳಿದವರು ಯಾರಾದರೂ ಇದ್ದಾರೆಯೇ? ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಅವ್ವ ತಲೆ ಎತ್ತಿದಳು. ನನ್ನನ್ನು ಕಂಡು ನಿಂತಲ್ಲೇ ಬಿದ್ದಳು.

ಕಾಕಾ ಅದನ್ನು ನೋಡಲೇ ಇಲ್ಲ. ಅಷ್ಟರಲ್ಲಿ ಅಂಗಳಕ್ಕೆ ನುಗ್ಗಿ ಮನೆಯವರ ಕೊರಳಪಟ್ಟಿ ಹಿಡಿದಿದ್ದ. "ಮಣ್ಣಿಗಿ ಮನಷ್ಯಾನ್ನ ಕಳಸಲಿಲ್ಲ, ಪರಾಯಿ ಮಂದಿಗಿ ತಿಳಿಸಿದಂಗ ಕಾರ್ಡ್ ಹಾಕೀರಿ! ನಾವು ನಿಮಗ ಬೀಗರೋ, ಗುರ್ತಿನವರೋ?" ಎಂದು ಗರ್ಜಿಸುತ್ತಿದ್ದ. ಮನೆಯವರು ಪಾಪ, "ಯಾರ ಮಣ್ಣ ಮಾರಾಯಾ?" ಎನ್ನುತ್ತ ಗೋಡೆಗೆ ಅಂಟಿದ್ದರು. ನಾನು ಓಡಿಹೋಗಿ ಕಾಕಾನ ತೋಳು ಹಿಡಿದೆ. ಹಿಡಿದ ಕೈ ಯಾರದೆಂದು ತಿರುಗಿ ನೋಡಿದವನು ಕೋಲು ಬಿಟ್ಟ. ಅಷ್ಟು ದೊಡ್ಡ ಮನುಷ್ಯ ಮಗುವಿನಂತೆ ಅತ್ತ.

ಅವ್ವ ಈಗ ಸುಧಾರಿಸಿದ್ದಾಳೆ. ಇಲ್ಲಿಯೇ ಇದ್ದಾಳೆ. ನಾನು ಒಳಗೆ ಹೋದರೆ ಹಿಂದೆಯೇ ಬಂದು ನನ್ನ ಕೈ ಮುಟ್ಟಿ ನೋಡಿ ಹೋಗುತ್ತಾಳೆ.

ಕಾರ್ಡಿನ ಮೂಲೆ ಹೇಗೆ ಹರಿಯಿತೆಂದು ಎಲ್ಲರೂ ಕೇಳುತ್ತಿದ್ದಾರೆ. ಹಟ್ಟಿಯ ಕುರಿಮರಿ ತಿಂದಿರಬೇಕು ಎಂದು ಮನೆಯವರು ಹೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೀನು ತಂದ ಸೀರೆ ಮನೆಯೊಳಗೆ ಬರಕೂಡದು, ಹೊಳೆಗೆ ಬಿಡು ಎಂದು ಅತ್ತೆಯ ಹುಕುಂ. ಸದ್ಯಕ್ಕೆ ಕುರಿಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿದ್ದೇನೆ.

ಅಕ್ಕ,
ಗಂಗುಬಾಯಿ


ಬೀದರ
೨೯ ಅಕ್ಟೋಬರ್ ೧೯೫೬

ಅಕ್ಕನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ಈಗ ಸ್ವಲ್ಪ ತಲೆ ನೆಟ್ಟಗಾಗಿದೆ. ಇನ್ನು ಇಂಥ ಅನಾಹುತ ಆಗದಂತೆ ಒಂದು ಬಂದೋಬಸ್ತು ಯೋಚಿಸಿದ್ದೇನೆ. ಇಂದಿನಿಂದ ಕಾರ್ಡು ಬೇಡ. ಇಬ್ಬರೂ ಲಕೋಟೆಯಲ್ಲಿ ಹಾಕೋಣ. ಲಕೋಟೆಗೆ ಹಾಕಿದರೆ ಕುರಿಮರಿಗೂ ದಕ್ಕುವುದಿಲ್ಲ. ವಾರಕ್ಕೆ ಎರಡು ಸಲ ಬರೆಯುತ್ತೇನೆ. ಸಂಪರ್ಕ ಗಟ್ಟಿಯಾಗಿದ್ದರೆ ಸುಳ್ಳು ಸುದ್ದಿಗೆ ಎಡೆಯಿಲ್ಲ.

ಕಚೇರಿಯಲ್ಲಿ ನನ್ನ ಮರ್ಯಾದೆ ಮೂರು ಕಾಸಿನದಾಗಿದೆ. ಆ ದಿನ ಬೆಳಿಗ್ಗೆ ಎಲ್ಲರೂ ನನಗಾಗಿ ಮರುಗಿದ್ದರು, ಮರುದಿನ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶರಫೋದ್ದೀನ ಸಾಹೇಬರೊಬ್ಬರು ನಗಲಿಲ್ಲ. ಭಾವುಬೀಜಕ್ಕೆ ಒಂದು ದಿನ ಕೇಳಿ ನೋಡಿದೆ. "ಸತ್ತ ಅಕ್ಕನಿಗೆ ರಜೆ ಕೊಟ್ಟಾಯಿತು, ಬದುಕಿದ ಅಕ್ಕನಿಗೂ ಕೊಡಬೇಕೇ?" ಎಂದರು ದೊಡ್ಡ ಸಾಹೇಬರು. ಹೇಗಿದ್ದರೂ ಮೊನ್ನೆ ತಾನೆ ಬಂದು ಹೋದೆನಲ್ಲ ಅಕ್ಕಾ. ಈ ಸಲ ಬಿಟ್ಟುಬಿಡು. ಯುಗಾದಿಗೆ ನೋಡೋಣ.

ಆ ಕುರಿಮರಿಯನ್ನು ಮಾರಿಬಿಡಲು ಭಾವನಿಗೆ ಹೇಳು.

ನಿನ್ನ ತಮ್ಮ,
ಹಣಮಂತಪ್ಪ


ಭಾಲ್ಕಿ
೩೧ ಅಕ್ಟೋಬರ್ ೧೯೫೬

ಹಣಮಂತಾ,

ಕುರಿಮರಿಯ ಮೇಲೆ ತಪ್ಪು ಹಾಕಬೇಡ. ಮೂಲೆ ಹರಿದವಳು ನಾನು.

ಹೌಹಾರಬೇಡ, ಪೂರ್ತಿ ಓದು. ನೀನು ಬರುವುದಿಲ್ಲವೆಂದು ಬರೆದ ಕಾರ್ಡು ಬಂದ ದಿನ, ಅತ್ತೆ ಓಣಿಯವರ ಮುಂದೆ, "ಇಕಿಗಿ ತವರಿಲ್ಲ ಬಿಡ್ರಿ, ಇದ್ರ ಇಷ್ಟೊತ್ತಿಗಿ ಯಾರರೆ ಬರ್ತಿದ್ರು" ಎಂದರು. ನನಗೆ ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ಇವರು ಹೇಳುವುದೇ ನಿಜವಾಗಿದ್ದರೆ? ನಾನು ಸತ್ತರೆ ಯಾರಾದರೂ ಬರುತ್ತಾರೋ, ಆಗಲೂ ಕಾರ್ಡೇ ಬರುತ್ತದೋ? ಅದನ್ನು ತಿಳಿದುಕೊಳ್ಳಬೇಕಿತ್ತು. ಸತ್ತ ಮೇಲೆ ತಿಳಿಯುವುದಿಲ್ಲವಲ್ಲ.

ನಿನಗೆ ಹಾಕಿದ್ದರೆ ನೀನು ಓದಿಬಿಡುತ್ತಿದ್ದೆ. ಅದಕ್ಕೇ ಊರಿಗೆ ಹಾಕಿದೆ. ಆ ಕಾರ್ಡಿನಲ್ಲಿ ಬರೆದದ್ದು ಒಂದೇ ಮಾತು. ನೀನು ವಾರವಾರ ಬರೆಯುವುದೇ: ಇಲ್ಲಿ ಎಲ್ಲ ಕ್ಷೇಮ. ಮಕ್ಸೂದ ಯಾವಾಗಲೂ ಕಾಕಾನ ಕೈಗೇ ಕೊಡುತ್ತಾನೆ, ಕಾಕಾ ಅವ್ವನಿಗೆ ಹೇಳದೆ ತಾನೊಬ್ಬನೇ ಓಡಿ ಬರುತ್ತಾನೆ, ಅಷ್ಟೇ ಎಂದುಕೊಂಡಿದ್ದೆ. ಅವ್ವ ನೆಲಕ್ಕೆ ಬಿದ್ದಾಗ ನನ್ನ ಜೀವ ನಿಜವಾಗಿಯೂ ಹೋಯಿತು. ಅವಳಿಗೆ ನಿನ್ನೆ ಎಲ್ಲ ಹೇಳಿ ಕಾಲು ಹಿಡಿದೆ. ಕಪಾಳಕ್ಕೆ ಒಂದು ಬಾರಿಸಿದಳು. ಆಮೇಲೆ ತಲೆಗೆ ಎಣ್ಣೆ ಹಚ್ಚಿದಳು.

ಆದರೆ ನನಗೆ ಎದೆ ಒಡೆದದ್ದು ಅದರಿಂದಲ್ಲ. ನೀವು ಬಾರದಿದ್ದರೆ ನನಗೆ ಅಷ್ಟು ಆಘಾತವಾಗುತ್ತಿರಲಿಲ್ಲ. ಬಂದಿರಿ, ಅದೇ. ಮೂರು ವರ್ಷ ನಾನು ಎಲ್ಲವನ್ನೂ ನಂಬಿದ್ದೆ. ಕುರಿ ಬಿಟ್ಟು ಬರಲಾಗದು, ಮೊಣಕಾಲು ಏಳುವುದಿಲ್ಲ, ರಜೆ ಸಿಗುವುದಿಲ್ಲ. ಮೂಲೆ ಹರಿದ ಕೂಡಲೇ ಗಾಡಿ ಹೂಡಿದಿರಿ. ಅವ್ವನ ಮೊಣಕಾಲು ಎದ್ದಿತು. ನಿನಗೆ ರಜೆ ಸಿಕ್ಕಿತು, ರೈಲು ಸಿಕ್ಕಿತು, ಸೀರೆಯೂ ಸಿಕ್ಕಿತು. ಎಲ್ಲ ಇತ್ತು ಹಣಮಂತಾ. ಮೊದಲಿನಿಂದಲೂ ಇತ್ತು. ನಾನು ಬದುಕಿದ್ದೆ, ಅಷ್ಟೇ ಅಡ್ಡಿಯಾಗಿತ್ತು.

ಅದಾದ ಮೇಲೂ ನೀನು ಲಕೋಟೆಯ ಮಾತಾಡುತ್ತೀಯಲ್ಲೋ!

ಈ ಸಲ ನಾನು ಚಂದ್ರನಿಗೆ ಆರತಿ ಎತ್ತುವುದಿಲ್ಲ. ಭಾವುಬೀಜದ ದಿನ ಬಾಗಿಲಲ್ಲಿ ಮಣೆ ಹಾಕಿಟ್ಟಿರುತ್ತೇನೆ. ಬರುವುದಾದರೆ ಬಾ. ಬಾರದಿದ್ದರೆ ಲಕೋಟೆಯೂ ಬೇಡ, ಕಾರ್ಡೂ ಬೇಡ. ಪಕ್ಕದ ಮನೆಯ ಸೊಸೆ ಕೇಳಿದರೆ ಈ ಸಲ ನಾನು ಅವಳ ಬಾಯಿ ಮುಚ್ಚುವುದಿಲ್ಲ.

ಗಂಗು


ಭಾಲ್ಕಿ
೫ ನವೆಂಬರ್ ೧೯೫೬

ಶರಫೋದ್ದೀನ ಸಾಹೇಬರಿಗೆ ಹಣಮಂತಪ್ಪನ ಸಲಾಮು.

ನೀವು ಈಗಷ್ಟೇ ಕನ್ನಡ ಓದಲು ಕಲಿಯುತ್ತಿದ್ದೀರೆಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಾನು ಯಾರಿಗೂ ಹೇಳದೆ ನಿನ್ನೆ ಭಾಲ್ಕಿಗೆ ಬಂದಿದ್ದೇನೆ. ದೊಡ್ಡ ಸಾಹೇಬರು ಕೂಗಾಡುತ್ತಿರಬಹುದು. ಹೊಸ ಅಧಿಕಾರಿಗಳ ಮುಂದೆ ನನ್ನ ಕುರ್ಚಿ ಖಾಲಿ ಕಂಡರೆ ನೌಕರಿಗೂ ಸಂಚಕಾರ ಬರಬಹುದು. ಇದರ ಜೊತೆ ರಜೆಯ ಅರ್ಜಿ ಇದೆ. ಕಾರಣದ ಜಾಗದಲ್ಲಿ ಏನು ಬರೆಯಬೇಕೋ ತೋಚದೆ ಖಾಲಿ ಬಿಟ್ಟಿದ್ದೇನೆ. ಜೂನ್ ತಿಂಗಳಲ್ಲಿ ನಾನು ಹೊಡೆದುಹಾಕಿದ ನಿಮ್ಮ ರಾಬ್ತಾ, ರಿಶ್ತಾದ ಸಾಲು ನೆನಪಿದೆಯಲ್ಲ, ಅದರಲ್ಲಿ ಹೊಂದುವ ಶಬ್ದವನ್ನು ನೀವೇ ತುಂಬಿ ಕೊಟ್ಟುಬಿಡಿ.

ಇಲ್ಲಿ ಏನಾಯಿತೆಂದು ನಿಮಗೆ ಹೇಳಲೇಬೇಕು. ಸಂಜೆ ಓಣಿಗೆ ತಿರುಗಿದರೆ ಬಾಗಿಲಲ್ಲಿ ಮಣೆ ಇತ್ತು. ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ಉಟ್ಟ ಸೀರೆ ನೋಡಿ ನನ್ನ ಕಾಲು ಅಲ್ಲೇ ನಿಂತವು. ನಾನು ಅವಳ ಗೋರಿಗೆ ಹೊದಿಸಲೆಂದು ತಂದ ಹಸಿರು ಸೀರೆ ಅದು.

ಅವಳ ಅತ್ತೆ ಅಂಗಳದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. "ಹೆಣದ ಸೀರಿ ಉಟ್ಟಿಯಲ್ಲೇ ಹುಚ್ಚಿ! ಮುತ್ತೈದಿ ಮನಿಯಾಗ ಇದೇನ ಅಪಶಕುನ!"

"ತವರಿನ ಸೀರಿ ಅದರೀ ಅತ್ತಿ. ಉಡೂಕಿ ನಾನೇ ಇದ್ದಾಗ ಹೆಣಕ್ಕ ಯಾಕ ಇಡಬೇಕ್ರಿ?" ಎಂದಳು ಅಕ್ಕ. ಗೋಡೆಯಾಚೆಯಿಂದ ಪಕ್ಕದ ಮನೆಯ ಸೊಸೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಸತ್ತಿದ್ದೇನೆಂದು ತಿಳಿದವಳು ಅವಳೇ.

ಮಣೆಯ ಮೇಲೆ ಕುಳಿತೆ. ಅಕ್ಕ ಕುಂಕುಮ ಹಚ್ಚಿ ಆರತಿ ಎತ್ತಿದಳು. ಅವಳ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಚಿಕ್ಕಂದಿನಲ್ಲಿ ನಾನು ಎಸೆದ ಕಲ್ಲು ತಾಗಿ ಆದದ್ದು. ಆ ದಿನ ಮೆಟ್ಟಿಲ ಮೇಲೆ ಕುಳಿತು ಎಷ್ಟು ಹುಡುಕಿದರೂ ನೆನಪಾಗದ ಮುಖ ಇದೇ. ನನಗೆ ಅಳು ತಡೆಯಲಾಗಲಿಲ್ಲ.

ತಮಾಷೆ ಮಾಡಿ ಅಳು ನುಂಗಲು ನೋಡಿದೆ. "ಆ ಸೀರಿ ಈಗೇ ಉಟ್ಟಿ. ನಾಳಿಗಿ ಖರೇನೇ ಅಂಥಾ ದಿನಾ ಬಂದ್ರ ನಾ ಏನ ತರ್ಲಿ ಅಕ್ಕಾ?" ಎಂದೆ.

ಅವಳು ದೀಪವನ್ನು ನನ್ನ ಮುಖದ ಹತ್ತಿರ ತಂದು ಸರಿಯಾಗಿ ನೋಡಿದಳು. "ಅವತ್ತ ನೀ ಬರದಿದ್ರೂ ನಡೀತದ. ಅದಕ್ಕಿಂತ ಮೊದ್ಲ ಬರ್ತಾ ಇರು" ಎಂದಳು.

ಇನ್ನೂ ಒಂದು ದಿನ ಇದ್ದು ಬರುತ್ತೇನೆ. ಅಕ್ಕನ ಮಗಳು ಬೆಳಿಗ್ಗೆಯಿಂದ ಕಂಬದ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಾಳೆ, ಇನ್ನೂ ಹತ್ತಿರ ಬಂದಿಲ್ಲ.

ನಿಮ್ಮ,
ಹಣಮಂತಪ್ಪ